ಗಡ್ಡದ ರಾಯರು, ಮೀಸೆ ರಾಯರು ಮತ್ತು ಸಂಪತ್ ಅಂಕಲ್

ಸಂಪತ್ ಅಂಕಲ್ ಮನೆಯ ಹಾಲ್‌ನಲ್ಲಿ, ಚಾಮುಂಡೇಶ್ವರಿಯ ಪಟದ ಪಕ್ಕದಲ್ಲೇ, ಒಂದರ ಕೆಳಗೊಂದರಂತೆ ಇಬ್ಬರು ಬಿಳಿಯರ ಚಿತ್ರಗಳಿದ್ದವು. ಒಬ್ಬರಿಗೆ ಒತ್ತಾದ ನರೆತ ಗಡ್ಡ. ಇನ್ನೊಬ್ಬರಿಗೆ ದಪ್ಪ ಮೀಸೆ, ತುಂಬಿದ ಗದ್ದ. ಇಬ್ಬರಿಗೂ ಕರಿ ಕೋಟು. ಸಿಂಗಾಪುರದ ಬುಕಿತ್ ಬಾಟೋಕ್‌ನ ಆ ಆರನೇ ಮಹಡಿಯ ಮನೆಗೆ ಮೊದಲ ಸಲ ಬಂದವರು ಚಪ್ಪಲಿ ಬಿಟ್ಟು, ಸೋಫಾದಲ್ಲಿ ಕೂತು, ಗೋಡೆ ನೋಡಿ, ಕೇಳಲೋ ಬೇಡವೋ ಎಂದು ಕಾಫಿ ಬರುವವರೆಗೂ ಒದ್ದಾಡುತ್ತಿದ್ದರು. ಮೈಸೂರಿನಿಂದ ಬಂದಿದ್ದ ಅವರ ಅತ್ತಿಗೆಯೊಬ್ಬರು ಮಾತ್ರ ಒದ್ದಾಡಲಿಲ್ಲ. ಹಬ್ಬದ ಬೆಳಿಗ್ಗೆ ಪಟಗಳಿಗೆಲ್ಲ ಕುಂಕುಮ ಇಡುತ್ತ ಬಂದವರು, ಹೋದ ಹಿರಿಯರಿರಬೇಕೆಂದು ಇವರಿಬ್ಬರ ಗಾಜಿಗೂ ಇಟ್ಟು ಕೈಮುಗಿದರಂತೆ. ಆ ಬೊಟ್ಟುಗಳನ್ನು ಅಂಕಲ್ ಒರೆಸಲೇ ಇಲ್ಲ.

“ಇರ್ಲಿ ಬಿಡಮ್ಮ, ಇಬ್ಬರಿಗೂ ಸಮವಾಗಿ ಇಟ್ಟಿದಾರೆ. ಒಬ್ಬರಿಗೇ ಇಟ್ಟಿದ್ರೆ ಒರೆಸಿಬಿಡ್ತಿದ್ದೆ” ಎಂದಿದ್ದರು ನನಗೆ.

ಅವರಿಬ್ಬರೂ ನೂರಿಪ್ಪತ್ತು ವರ್ಷಗಳ ಹಿಂದೆ ಅಮೆರಿಕದ ಅಧ್ಯಕ್ಷ ಪದವಿಗೆ ಎದುರುಬದುರಾಗಿ ನಿಂತಿದ್ದವರು. ಅದೂ ಎರಡು ಸಲ. ಮೊದಲನೇ ಸಲ ಮೀಸೆಯವರು ಅಧ್ಯಕ್ಷರಾಗಿದ್ದಾಗಲೇ ಗಡ್ಡದವರ ಎದುರು ಸೋತರು. ನಾಲ್ಕು ವರ್ಷದ ಮೇಲೆ ಮತ್ತೆ ನಿಂತು ಗಡ್ಡದವರನ್ನು ಸೋಲಿಸಿ ಅದೇ ಕುರ್ಚಿಗೆ ಬಂದು ಕೂತರು. ಅವರ ನಿಜವಾದ ಹೆಸರುಗಳನ್ನು ಅಂಕಲ್ ನಮಗೆ ಹೇಳಿದ್ದುಂಟು. ಆದರೆ ದಿನದ ಮಾತಿನಲ್ಲಿ ಅವರು ಗಡ್ಡದ ರಾಯರು, ಇವರು ಮೀಸೆ ರಾಯರು. ಕಲ್ಲಾಂಗ್‌ಗೆ ಹೋಗುವ ದಾರಿಯಲ್ಲಿ ಆಗ ಸೇರುತ್ತಿದ್ದ ಹಳೇ ಸಾಮಾನಿನ ಸಂತೆಯಲ್ಲಿ, ಕೆಟ್ಟ ರೇಡಿಯೋಗಳ ರಾಶಿಯ ಮಧ್ಯೆ, ಬಿಸ್ಕತ್ತಿನ ನೀಲಿ ಡಬ್ಬಿಯೊಂದರಲ್ಲಿ ಈ ಎರಡು ಬಣ್ಣದ ಕಾರ್ಡುಗಳು ಅವರಿಗೆ ಸಿಕ್ಕಿದ್ದವು. ಯಾರಿರಬಹುದು ಎಂದು ಹುಡುಕಲು ಹೊರಟವರು ಇಪ್ಪತ್ತು ವರ್ಷ ಹುಡುಕಿದರು. ಚುನಾವಣೆಯ ಬಿಲ್ಲೆಗಳು, ರಿಬ್ಬನ್ನುಗಳು, ಆ ಕಾಲದ ಓಟಿನ ಚೀಟಿಗಳು, ಕೈಗೆ ಸಿಕ್ಕಿದ್ದೆಲ್ಲ ಆ ನೀಲಿ ಡಬ್ಬಿ ಸೇರಿತು.

ಅವರ ಕೆಲಸಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. ಮೂವತ್ತು ವರ್ಷ ಸಿಂಗಾಪುರದ ಲಿಫ್ಟುಗಳನ್ನು ತಪಾಸಣೆ ಮಾಡಿ ರಿಟೈರ್ ಆದವರು. ಯಾವ ಲಿಫ್ಟಿಗೆ ಕಾಲಿಟ್ಟರೂ ಕಣ್ಣು ಮುಚ್ಚಿ ಕಿವಿಗೊಡುತ್ತಿದ್ದರು. “ಇದಕ್ಕೆ ಗಂಟಲು ಕಟ್ಟಿದೆ, ಈ ವಾರ ನಿಂತುಹೋಗುತ್ತೆ ನೋಡ್ತಿರು” ಎನ್ನುತ್ತಿದ್ದರು. ನಿಂತೂ ಹೋಗುತ್ತಿತ್ತು.

ಪ್ರತಿ ಯುಗಾದಿಗೆ ಅವರ ಮನೆಯಲ್ಲಿ ಒಂದು ಪದ್ಧತಿ. ಎಣ್ಣೆ ನೀರಾದ ಮೇಲೆ ಸ್ಟೂಲ್ ಹತ್ತಿ ಆ ಎರಡು ಫ್ರೇಮುಗಳನ್ನು ಅದಲುಬದಲು ಮಾಡುವುದು. ಹೋದ ವರ್ಷ ಮೇಲಿದ್ದವರು ಈ ವರ್ಷ ಕೆಳಗೆ. ಯಾಕೆ ಅಂಕಲ್ ಎಂದರೆ, “ಮೇಲೆ ಹೋಗಿದ್ದು ಕೆಳಗೆ ಬರ್ಲಿಲ್ಲ ಅಂದ್ರೆ ನಾನು ಕಂಪ್ಲೇಂಟ್ ಬರೀಬೇಕಾಗುತ್ತಮ್ಮ, ನಮ್ಮ ಡಿಪಾರ್ಟ್‌ಮೆಂಟ್ ರೂಲು” ಎಂದು ನಗುತ್ತಿದ್ದರು.

ನಾನು ಅವರನ್ನು ಕಂಡದ್ದು ನನ್ನ ಮಗಳು ಮೇಘನಾಳ ಕನ್ನಡ ತರಗತಿಯಿಂದ. ಬುಕಿತ್ ಬಾಟೋಕ್ ಸುತ್ತಮುತ್ತಲಿನ ಮೂವತ್ತು ಕನ್ನಡದ ಮನೆಗಳು ಸೇರಿ ಮಾಡಿಕೊಂಡಿದ್ದ ನಮ್ಮ ‘ಶನಿವಾರದ ಬಳಗ’ಕ್ಕೆ ಸಂಪತ್ ಅಂಕಲ್ಲೇ ಅಧ್ಯಕ್ಷರು, ಅವರ ಹಾಲ್ ನಮ್ಮ ಶಾಲೆ, ಅವರ ಊಟದ ಕೋಣೆಯ ಕಪಾಟು ನಮ್ಮ ಲೈಬ್ರರಿ. ಹೆಂಡತಿ ಕಮಲಾ ಆಂಟಿ ಹೋದ ಮೇಲೆ ಮನೆಯಲ್ಲಿ ಅವರೊಬ್ಬರೇ. ಮಗಳು ವಸುಧಾ ಊರಿನ ಇನ್ನೊಂದು ತುದಿಯ ಯಿಶುನ್‌ನಲ್ಲಿದ್ದಳು, ವಾರಕ್ಕೆರಡು ಸಲ ಬಂದುಹೋಗುತ್ತಿದ್ದಳು. ಶುಕ್ರವಾರ ಸಾಯಂಕಾಲ ನಾನು ಹೋಗಿ ಚಾಪೆ ಹಾಸಲು, ಸ್ಲೇಟು ಒರೆಸಲು ಕೈಜೋಡಿಸುತ್ತಿದ್ದೆ. “ತರಗತಿ ಇರೋದ್ರಿಂದ ನಂಗೆ ಇವತ್ತು ಶುಕ್ರವಾರ ಅಂತ ಗೊತ್ತಾಗುತ್ತೆ ಶೈಲಾ. ಇಲ್ದಿದ್ರೆ ಎಲ್ಲಾ ದಿನಾನೂ ಒಂದೇ” ಎಂದು ಒಮ್ಮೆ ಪೆನ್ಸಿಲ್ ಕೆತ್ತುತ್ತ ಹೇಳಿದ್ದರು.

ಒಂದು ಶನಿವಾರ ಮಕ್ಕಳಿಗೆ ಕನ್ನಡದಲ್ಲಿ ಎಣಿಕೆ ಕಲಿಸಲು ಮೂರು ತಟ್ಟೆ ಇಟ್ಟರು. ಒಂದೊಂದು ತಟ್ಟೆ ಅಮೆರಿಕದ ಒಂದೊಂದು ರಾಜ್ಯ. ಕಡಲೆಬೀಜ ಅಂದರೆ ಮೀಸೆ ರಾಯರ ಓಟು, ಹುರಿಗಡಲೆ ಅಂದರೆ ಗಡ್ಡದ ರಾಯರ ಓಟು. ಮೊದಲನೇ ತಟ್ಟೆಯಲ್ಲಿ ಒಂಬತ್ತೂ ಕಡಲೆಬೀಜ. ಉಳಿದೆರಡರಲ್ಲಿ ಐದೈದು ಹುರಿಗಡಲೆ, ನಾಲ್ಕು ನಾಲ್ಕು ಕಡಲೆಬೀಜ.

“ಎಲ್ಲಾ ಸೇರಿಸಿ ಎಣಿಸ್ರಪ್ಪ. ಯಾರಿಗೆ ಜಾಸ್ತಿ?”

“ಕಡಲೆಬೀಜ! ಹದಿನೇಳು!”

“ಹುರಿಗಡಲೆ?”

“ಹತ್ತು!”

“ಆದ್ರೆ ಅಲ್ಲಿ ಕಾಳು ಲೆಕ್ಕ ಅಲ್ಲ, ತಟ್ಟೆ ಲೆಕ್ಕ. ಎರಡು ತಟ್ಟೆ ಯಾರ್ದು?”

ಮೇಘನಾ ಎದ್ದು ನಿಂತಳು. “ಅಂಕಲ್, ದಟ್ಸ್ ಚೀಟಿಂಗ್ ಲಾ! ಮೀಸೆ ರಾಯರಿಗೆ ಜಾಸ್ತಿ ಇದೆಯಲ್ಲ!”

“ಹೌದು ಕಣಮ್ಮ, ಜಾಸ್ತಿ ಜನ ಹಾಕಿದ್ದು ಅವರಿಗೇ. ಆದ್ರೂ ಸೋತ್ರು. ಸೋತು ಏನ್ ಮಾಡಿದ್ರು ಗೊತ್ತಾ?” ಅಂಕಲ್ ಮೂಲೆಯಲ್ಲಿದ್ದ ಉದ್ದ ಹಿಡಿಯ ಕರಿ ಛತ್ರಿ ತಂದು ಬಿಚ್ಚಿದರು. “ಗಡ್ಡದ ರಾಯರು ಪ್ರಮಾಣ ತಗೊಳೋ ದಿನ ಜೋರು ಮಳೆ. ಅವರ ತಲೆ ಮೇಲೆ ಛತ್ರಿ ಹಿಡ್ಕೊಂಡು ಪಕ್ಕದಲ್ಲಿ ನಿಂತೋರು ಯಾರು? ನಮ್ ಮೀಸೆ ರಾಯರು!”

ಮಕ್ಕಳು ಒಬ್ಬೊಬ್ಬರಾಗಿ ಬಂದು ಛತ್ರಿಯ ಕೆಳಗೆ ನಿಂತು ಹೋದರು. ತಟ್ಟೆಗಳು ಐದು ನಿಮಿಷದಲ್ಲಿ ಖಾಲಿ.

ದೊಡ್ಡವರಿಗೆ ಅವರು ಹೇಳುತ್ತಿದ್ದ ಕತೆ ಬೇರೆ. ಎರಡನೇ ಸಲದ ಚುನಾವಣೆಯಲ್ಲಿ ಗಡ್ಡದ ರಾಯರ ಹೆಂಡತಿಗೆ ವಿಪರೀತ ಕಾಯಿಲೆ. ಅವರು ಪ್ರಚಾರ ಬಿಟ್ಟು ಹೆಂಡತಿಯ ಹತ್ತಿರ ಕೂತರು. ಅವರು ಕೂತಿರುವಾಗ ತಾನು ಊರೂರು ಸುತ್ತುವುದು ಚೆನ್ನಾಗಿರಲ್ಲ ಎಂದು ಮೀಸೆ ರಾಯರೂ ಸುಮ್ಮನಾದರು. ಇದನ್ನು ಹೇಳುವಾಗ ಅಂಕಲ್ ಗೋಡೆ ನೋಡುತ್ತಿರಲಿಲ್ಲ, ಕಮಲಾ ಆಂಟಿಯ ಮಂಚವಿದ್ದ ಕೋಣೆಯ ಕಡೆ ನೋಡುತ್ತಿದ್ದರು.

ಎರಡು ಸಾವಿರದ ಹದಿಮೂರರಲ್ಲಿ ಬಳಗದ ವಾಟ್ಸಾಪ್‌ನಲ್ಲಿ ಗೊಣಗಾಟ ಶುರುವಾಯಿತು. ಹಾಲ್ ಸಾಲದು, ಏಸಿ ಇಲ್ಲ, ಸಿಲಬಸ್ ಇಲ್ಲ. “ಮಕ್ಕಳು ಕನ್ನಡ ಕಲಿಯೋಕೆ ಹೋಗಿ ಅಮೆರಿಕನ್ ಎಲೆಕ್ಷನ್ ಕಲ್ತು ಬರ್ತಿದಾರೆ” ಎಂದು ಯಾರೋ ಬರೆದರು. ಹನ್ನೊಂದು ಜನ ನಕ್ಕರು. ನಾವಿದ್ದ ಅಪಾರ್ಟ್‌ಮೆಂಟ್ ಕಾಂಡೋದ ಫಂಕ್ಷನ್ ರೂಮಿಗೆ ತರಗತಿ ಶಿಫ್ಟ್ ಆಗಲಿ, ಸರಿಯಾದ ಟೀಚರ್ ಇಡೋಣ, ಅದಕ್ಕೆ ಹೊಸ ಅಧ್ಯಕ್ಷರು ಬೇಕು ಎಂದಾಯಿತು. ಹೊಸಬರಾಗಿ ನಿಂತವರು ನನ್ನ ಗಂಡ ಪ್ರಸಾದ್. ಕೆಟ್ಟ ಉದ್ದೇಶವೇನೂ ಇರಲಿಲ್ಲ. ಆ ಬೇಡಿಕೆಗಳೂ ಸುಳ್ಳಲ್ಲ. ನನಗೂ ಲಿಫ್ಟಿನಲ್ಲಿ ಕೆಳಗಿಳಿದರೆ ತರಗತಿ ಎಂಬುದು ಒಳಗೊಳಗೇ ಹಿತವಾಗಿಯೇ ಇತ್ತು. ಅದನ್ನು ಯಾರಿಗೂ ಹೇಳಲಿಲ್ಲ.

ಅಂಕಲ್‌ಗೆ ಬೇಜಾರಾಗುತ್ತದೆ ಎಂದುಕೊಂಡಿದ್ದೆವು. ಅವರಿಗೆ ಸಡಗರ! “ಕೊನೆಗೂ ಒಂದು ಚುನಾವಣೆ” ಎಂದು ಕೈ ಉಜ್ಜಿಕೊಂಡರು. ಕೈ ಎತ್ತುವುದು ಬೇಡ, ಗುಟ್ಟಿನ ಚೀಟಿಯೇ ಆಗಬೇಕು ಎಂದು ಹಟ ಹಿಡಿದರು. “ಮೊದಲೆಲ್ಲ ಅಲ್ಲಿ ಪಾರ್ಟಿಯೋರೇ ಬಣ್ಣದ ಚೀಟಿ ಅಚ್ಚು ಹಾಕ್ಸಿ ಕೊಡ್ತಿದ್ರು. ಯಾರಿಗೆ ಹಾಕ್ದೆ ಅಂತ ಬೀದಿಗೆಲ್ಲ ಕಾಣೋದು. ನಮ್ಮಲ್ಲಿ ಹಾಗಾಗ್ಬಾರ್ದು” ಎಂದು ಡ್ರಾಯಿಂಗ್ ಹಾಳೆಯನ್ನು ಸ್ಕೇಲಿಟ್ಟು ಕತ್ತರಿಸಿ ಚೀಟಿ ಮಾಡಿದರು. ಹೆಸರನ್ನು ಕನ್ನಡದಲ್ಲೇ ಬರೆಯಬೇಕು ಎಂದು ಅವರದೇ ನಿಯಮ. ಎಣಿಸುವುದು ನನ್ನ ಕೆಲಸ ಎಂದೂ ಅವರೇ ಹೇಳಿದರು. ಎದುರಾಳಿಯ ಹೆಂಡತಿ ಅಲ್ಲವೇ ಅಂಕಲ್ ಎಂದು ಯಾರೋ ಕೇಳಿದ್ದಕ್ಕೆ, “ಶೈಲಾ ಎಣಿಸಿದ್ರೆ ನಾನು ಮತ್ತೆ ಎಣಿಸ್ಬೇಕಾಗಿಲ್ಲ” ಎಂದರು.

ಅದಕ್ಕೆ ಒಂದು ವಾರ ಮುಂಚೆ ನಮ್ಮ ಮನೆಗೆ ಬಂದಿದ್ದರು. ನಾನು ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಿದ್ದೆ. ಹಾಲ್‌ನಲ್ಲಿ ಅವರು ಪ್ರಸಾದ್‌ಗೆ ಹೇಳುತ್ತಿದ್ದುದು ಚೆನ್ನಾಗಿ ಕೇಳಿಸುತ್ತಿತ್ತು.

“ನೋಡಯ್ಯ ಪ್ರಸಾದ, ನಾವಿಬ್ರೂ ಓಟು ಹಾಕ್ಬೇಕಲ್ಲ. ನನ್ ಹೆಸ್ರು ನಾನೇ ಬರ್ಕೊಳೋದು ಯಾಕೋ ಸರಿ ಕಾಣಲ್ಲ. ಪಂಕ್ತೀಲಿ ಕೂತು ನನ್ ಎಲೆಗೆ ನಾನೇ ತುಪ್ಪ ಬಡಿಸ್ಕೊಂಡ ಹಾಗೆ. ನಾನು ನಿನ್ ಹೆಸ್ರು ಬರೀತೀನಿ, ನೀನು ನಂದು ಬರಿ. ಒಂದಕ್ಕೊಂದು ವಜಾ ಆಗುತ್ತೆ, ಮರ್ಯಾದೇನೂ ಉಳಿಯುತ್ತೆ. ಏನಂತೀಯ?”

“ಡೀಲ್ ಅಂಕಲ್!” ಎಂದರು ಪ್ರಸಾದ್. ಉಪ್ಪಿಟ್ಟು ತಂದಿಟ್ಟಾಗ ಇಬ್ಬರೂ ಇನ್ನೂ ಕೈ ಕುಲುಕುತ್ತಿದ್ದರು.

“ಸೋತೋರು ಛತ್ರಿ ಹಿಡೀಬೇಕು, ನೆನಪಿರ್ಲಿ” ಎಂದು ಅಂಕಲ್ ಎರಡನೇ ಸಲ ಬಡಿಸಿಕೊಂಡು ತಿಂದು ಹೋದರು.

ಓಟಿನ ದಿನ ಅವರ ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್ ಎನ್ನುವ ಗೋಡೆಯಿಲ್ಲದ ನೆಲಮಹಡಿಯಲ್ಲಿ, ಇಪ್ಪತ್ತಮೂರು ಜನ ಸೇರಿದ್ದರು. ತಮಾಷೆಯೋ ತಮಾಷೆ. “ಹತ್ತು ವರ್ಷ ಆದ್ಮೇಲೆ ಕನ್ನಡ ಬರೀತಿದೀನಿ ಅಂಕಲ್, ತಪ್ಪಾದ್ರೆ ಪಾಸ್ ಮಾಡಿಬಿಡಿ” ಎಂದು ಒಬ್ಬರು. ಎಲ್ಲರಿಗೂ ತರಗತಿಯ ಒಂದೇ ಥರದ ಪೆನ್ಸಿಲು. ಚೀಟಿ ಹಾಕಲು ಸ್ಟೀಲ್ ಡಬ್ಬ. ನಾನು ಅಂಕಲ್ ಹೆಸರು ಬರೆದು ಹಾಕಿದೆ. ಆಮೇಲೆ ಮೂಲೆಯ ಕಲ್ಲಿನ ಮೇಜಿನ ಹತ್ತಿರ ಒಬ್ಬಳೇ ಕೂತು ಚೀಟಿಗಳನ್ನು ಬಿಚ್ಚತೊಡಗಿದೆ.

ಏಳನೆಯದೋ ಎಂಟನೆಯದೋ ಚೀಟಿ ಅಂಕಲ್ದು. ದುಂಡಗೆ, ಕಾಪಿ ಪುಸ್ತಕದ ಹಾಗೆ, ಬೋರ್ಡಿನ ಮೇಲೆ ಮಕ್ಕಳಿಗೆ ಬರೆದು ತೋರಿಸುತ್ತಿದ್ದ ಅದೇ ಅಕ್ಷರ: ಪ್ರಸಾದ್. ನನಗೆ ನಗು ಬಂತು, ಸಂತೋಷವೂ ಆಯಿತು. ಇನ್ನೂ ನಾಲ್ಕು ಚೀಟಿಗಳ ನಂತರ ಇನ್ನೊಂದು ಬಂತು. ಹದಿನೈದು ವರ್ಷ ಫ್ರಿಜ್ಜಿನ ಬಾಗಿಲ ಮೇಲೆ ತರಕಾರಿ ಪಟ್ಟಿಯಲ್ಲಿ ನಾನು ಕಂಡ ಕೈಬರಹ, ಬಲಕ್ಕೆ ವಾಲಿದ್ದು, ಅರ್ಧಂಬರ್ಧ ತಲೆಕಟ್ಟಿನದು. ಅದೂ ಪ್ರಸಾದ್.

ಕೊನೆಗೆ ಎಣಿಸಿದಾಗ ಹನ್ನೆರಡು, ಹನ್ನೊಂದು. ಪ್ರಸಾದ್ ಒಂದು ಓಟಿನಿಂದ ಗೆದ್ದಿದ್ದರು. ಆ ವಾಲಿದ ಅಕ್ಷರದ ಚೀಟಿಯಲ್ಲಿ ಇರಬೇಕಾದ ಹೆಸರಿದ್ದಿದ್ದರೆ ಹನ್ನೊಂದು, ಹನ್ನೆರಡು. ಇದು ಗೊತ್ತಿದ್ದವಳು ಅಲ್ಲಿ ನಾನೊಬ್ಬಳೇ. ಎಣಿಸುವವಳು ಮಧ್ಯದಲ್ಲಿ ಎದ್ದು ಗಂಡನನ್ನು ಪಕ್ಕಕ್ಕೆ ಕರೆಯಬಹುದಿತ್ತು. ಇನ್ನೊಮ್ಮೆ ಓಟು ಹಾಕೋಣ ಎನ್ನಬಹುದಿತ್ತು. ಏನೂ ಮಾಡಲಿಲ್ಲ. ಎದ್ದು ನಿಂತು ಹನ್ನೆರಡು, ಹನ್ನೊಂದು ಎಂದು ಹೇಳಿದೆ. ನನ್ನ ದನಿ ಎಂದಿನ ಹಾಗೇ ಇತ್ತು ಎಂದು ಆಮೇಲೆ ಮೇಘನಾ ಹೇಳಿದಳು.

ಪ್ರಸಾದ್ ಎರಡು ಮಾತಾಡಲು ನಿಂತಾಗ ಅಂಕಲ್ ಕಂಬದ ಹಿಂದಿನಿಂದ ಕರಿ ಛತ್ರಿ ತಂದು ಬಿಚ್ಚಿ ಅವರ ತಲೆಯ ಮೇಲೆ ಹಿಡಿದರು. ತಲೆಯ ಮೇಲೆ ಹತ್ತಾರು ಮಹಡಿ ಇರುವ ಕಡೆ, ಒಂದು ಹನಿಯೂ ಬೀಳದ ಕಡೆ! ಜನ ನಕ್ಕು ನಕ್ಕು ಸುಸ್ತಾದರು. ಮಕ್ಕಳು ‘ಮೀಸೆ ರಾಯರು, ಮೀಸೆ ರಾಯರು’ ಎಂದು ಕೂಗಿದರು. ಆ ಫೋಟೋ ಇವತ್ತಿಗೂ ಬಳಗದ ಗ್ರೂಪಿನಲ್ಲಿದೆ. ಎಲ್ಲರೂ ಛತ್ರಿ ನೋಡುತ್ತಿದ್ದಾರೆ. ನಾನು ಸ್ಟೀಲ್ ಡಬ್ಬ ನೋಡುತ್ತಿದ್ದೇನೆ.

ಎಲ್ಲ ಹೊರಡುವಾಗ ಅಂಕಲ್ ನನ್ನ ಹತ್ತಿರ ಬಂದರು. “ಶೈಲಾ, ಆ ಚೀಟಿಗಳ್ನ ನಂಗೆ ಕೊಟ್ಬಿಡಮ್ಮ. ಅಮೆರಿಕದ್ದೆಲ್ಲ ಇಟ್ಕೊಂಡಿದೀನಿ. ನಮ್ದು ಮೊದಲನೇ ಚುನಾವಣೆ, ನಮ್ದೂ ಡಬ್ಬೀಲಿರ್ಲಿ.”

ಮಕ್ಕಳ ಅಕ್ಷರ ತಿದ್ದಿ ತಿದ್ದಿ ಪಳಗಿದ ಕಣ್ಣು ಅವರದು. ನಮ್ಮ ಮನೆಯಿಂದ ಹೋಗುತ್ತಿದ್ದ ರಜೆ ಚೀಟಿಗಳನ್ನೆಲ್ಲ ಬರೆಯುತ್ತಿದ್ದವರು ಪ್ರಸಾದ್.

“ಅಯ್ಯೋ, ಹರಿದು ಹಾಕ್ಬಿಟ್ಟೆ ಅಂಕಲ್” ಎಂದೆ. ಚೀಟಿಗಳು ನನ್ನ ಕೈಚೀಲದಲ್ಲಿದ್ದವು.

“ಹರಿದ್ಬಿಟ್ಟಾ?” ಅವರು ಕಸದ ಬುಟ್ಟಿಯ ಕಡೆ ಒಮ್ಮೆ ನೋಡಿದರು. ಸೋತಾಗ ಕಾಣದ ಬೇಜಾರು ಅವರ ಮುಖದಲ್ಲಿ ಆಗ ಕಂಡಿತು. “ಹೋಗ್ಲಿ ಬಿಡು. ಎಣಿಕೆ ಸರಿಯಾಗಿತ್ತಲ್ಲ, ಅಷ್ಟು ಸಾಕು.”

“ಸರಿಯಾಗಿತ್ತು ಅಂಕಲ್.”

ಮನೆಗೆ ಬಂದು ಪಾತ್ರೆ ಎತ್ತಿಡುತ್ತ ಪ್ರಸಾದ್‌ರನ್ನು ಕೇಳಿದೆ, ಅಂಕಲ್‌ಗೆ ಮಾತು ಕೊಟ್ಟಿದ್ರಲ್ಲ ಎಂದು.

“ಯಾವ್ದು, ಆ ತುಪ್ಪದ ಕತೇನಾ? ಅದು ತಮಾಷೆಗೆ ಹೇಳಿದ್ದು ಕಣೇ. ಅಂಕಲ್ ಏನು ನಿಜವಾಗ್ಲೂ ನನ್ ಹೆಸ್ರು ಬರ್ದಿರ್ತಾರಾ?”

“ಬರ್ದಿದ್ರು.”

ಪ್ರಸಾದ್ ಫೋನ್ ಕೆಳಗಿಟ್ಟರು. “ಈಗೇನ್ ಮಾಡಕ್ಕಾಗುತ್ತೆ? ಅನೌನ್ಸ್ ಆಗೋಯ್ತು. ನೀನೇ ತಾನೇ ಅನೌನ್ಸ್ ಮಾಡಿದ್ದು” ಎಂದರು. ಸುಳ್ಳಲ್ಲ. ನಾನು ಚೀಟಿಗಳನ್ನು ಖಾಲಿ ಕಾಫಿಪುಡಿ ಡಬ್ಬಿಗೆ ಹಾಕಿ ಮೇಲಿನ ಶೆಲ್ಫಿನಲ್ಲಿಟ್ಟೆ. ನನ್ನ ಓಟು ಅಂಕಲ್‌ಗೇ ಹಾಕಿದ್ದೇನೆ ಎಂದು ಬಹಳ ದಿನ ಸಮಾಧಾನ ಮಾಡಿಕೊಂಡೆ.

ಮುಂದಿನ ತಿಂಗಳು ಪುಸ್ತಕದ ಕಪಾಟನ್ನು ಸಾಗಿಸಲು ವ್ಯಾನು ಬಂತು. ಅಂಕಲ್ ಲಿಫ್ಟಿನ ಬಾಗಿಲು ಹಿಡಿದು ನಿಂತು ಸಾಮಾನಿನವರಿಗೆ ಕೈಸನ್ನೆ ಮಾಡುತ್ತಿದ್ದರು. “ಜೋಪಾನ ಕಣ್ರಪ್ಪ, ನಾಲ್ಕು ವರ್ಷ ಆದ್ಮೇಲೆ ಇದು ವಾಪಸ್ ಇಲ್ಲಿಗೇ ಬರುತ್ತೆ” ಎಂದು ಹೇಳಿ ನನ್ನ ಕಡೆ ತಿರುಗಿದರು. “ಮೀಸೆ ರಾಯರು ಮೊದಲ್ನೇ ಸಲ ಅರಮನೆ ಬಿಡುವಾಗ ಅವರ ಹೆಂಡತಿ ಕೆಲಸದೋರಿಗೆ ಹೀಗೇ ಹೇಳಿದ್ರಂತಮ್ಮ. ಹೇಳಿದ ಹಾಗೇ ಬಂದ್ರು ನೋಡು.” ವ್ಯಾನಿನವರಿಗೆ ಕನ್ನಡ ಬರುತ್ತಿರಲಿಲ್ಲ. “ಓಕೆ ಅಂಕಲ್, ಕ್ಯಾನ್ ಕ್ಯಾನ್” ಎಂದರು.

ಕಾಂಡೋದ ತರಗತಿಗೂ ಅಂಕಲ್ ಬಂದರು. ಹಿಂದಿನ ಸಾಲಿನಲ್ಲಿ ಕೂತು ಹೊಸ ಟೀಚರ್ ಪಾಠ ಕೇಳಿ ತಲೆದೂಗುತ್ತಿದ್ದರು. ಐದಾರು ವಾರ. ಆಮೇಲೆ ಮಂಡಿನೋವು ಎಂದರು. ಶುಕ್ರವಾರದ ಸಾಯಂಕಾಲಗಳಿಗೆ ನನಗೂ ಬೇರೆ ಕೆಲಸಗಳು ಹುಟ್ಟಿಕೊಂಡವು. ನಿಜ ಹೇಳಬೇಕೆಂದರೆ ನಾನೇ ಹುಟ್ಟಿಸಿಕೊಂಡೆ. ಆ ಹಾಲ್‌ನಲ್ಲಿ ಕೂತರೆ ಕಣ್ಣು ಆ ನೀಲಿ ಡಬ್ಬಿಯ ಕಡೆಗೇ ಹೋಗುತ್ತಿತ್ತು. ವಾರಕ್ಕೊಮ್ಮೆ ಹೋಗುತ್ತಿದ್ದವಳು ತಿಂಗಳಿಗೊಮ್ಮೆ, ಆಮೇಲೆ ಹಬ್ಬಕ್ಕೊಮ್ಮೆ ಹೋದೆ. ಅವರು ಒಂದು ಸಲವೂ ಯಾಕೆ ಬರಲಿಲ್ಲ ಎನ್ನಲಿಲ್ಲ. “ಅಧ್ಯಕ್ಷರು ಹೇಗಿದಾರೆ?” ಎಂದಷ್ಟೇ ಕೇಳುತ್ತಿದ್ದರು, ಕೊಂಕಿಲ್ಲದೆ. ಕೊಂಕಿದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಹದಿನಾರರ ನವೆಂಬರಿನಲ್ಲಿ ಅಮೆರಿಕದಲ್ಲಿ ಜಾಸ್ತಿ ಓಟು ಬಿದ್ದವರು ಮತ್ತೆ ಸೋತರು. ಆ ವಾರ ಬಳಗದವರೆಲ್ಲ ಅಂಕಲ್‌ಗೆ ಫೋನ್ ಮಾಡಿ ಅದು ಹೇಗೆ ಎಂದು ಕೇಳಿದವರೇ. ಆಗ ಹೈಸ್ಕೂಲಿಗೆ ಬಂದಿದ್ದ ಮೇಘನಾ ಮಾತ್ರ ಊಟದ ಮೇಜಿನ ಮೇಲೆ ಮೂರು ತಟ್ಟೆ ಇಟ್ಟು ಅಪ್ಪನಿಗೆ ಕಡಲೆಬೀಜದಲ್ಲಿ ಅರ್ಥ ಮಾಡಿಸಿದಳು. ನಾನು ಎದ್ದು ಅಡುಗೆಮನೆಗೆ ಹೋದೆ.

ಮುಂದಿನ ಯುಗಾದಿಯ ಹೊತ್ತಿಗೆ ಅವರು ಯಿಶುನ್‌ನ ಆಸ್ಪತ್ರೆ ಸೇರಿದ್ದರು; ವಸುಧಾ ಮನೆಗೆ ಹತ್ತಿರ. ಹೃದಯದ ತೊಂದರೆ. ಹಬ್ಬವಾದ ಎರಡನೇ ದಿನ ಕಾಫಿಪುಡಿ ಡಬ್ಬಿಯನ್ನು ಕೈಚೀಲದಲ್ಲಿಟ್ಟುಕೊಂಡು ಹೋದೆ. ಇವತ್ತು ಹೇಳಿಬಿಡಬೇಕು ಎಂದು ಎಂಆರ್‌ಟಿ ರೈಲಿನಲ್ಲಿ ಕೂತು ಮೊದಲನೇ ವಾಕ್ಯವನ್ನು ಉರು ಹೊಡೆದಿದ್ದೆ.

ನನ್ನನ್ನು ಕಂಡದ್ದೇ ಪಕ್ಕದ ಹಾಸಿಗೆಯ ಚೀನೀ ಅಜ್ಜನಿಗೆ, “ದಿಸ್ ಒನ್ ಅವರ್ ಪ್ರೆಸಿಡೆಂಟ್ಸ್ ವೈಫ್!” ಎಂದು ಪರಿಚಯ ಮಾಡಿಸಿದರು. ಕಪಾಟು ಹೇಗಿದೆ ಎಂದು ಕೇಳಿದರು. ಚೆನ್ನಾಗಿದೆ ಎಂದೆ. ಅದು ವಾಪಸ್ ಬರುತ್ತೆ ಎಂದು ಅವರು ಹೇಳಿದ್ದ ನಾಲ್ಕು ವರ್ಷವಾಗಿತ್ತು. ಇಬ್ಬರಿಗೂ ಗೊತ್ತಿತ್ತು.

“ಅಂಕಲ್, ನಿಮಗೊಂದು ಮಾತು ಹೇಳ್ಬೇಕಿತ್ತು.”

“ನಂದೊಂದು ಮೊದ್ಲು ಕೇಳು. ಮಂಡಿ ನೋವಲ್ಲಿ ಹೋದ್ ವರ್ಷ ಫ್ರೇಮು ಬದಲಾಯ್ಸಿಲ್ಲ, ಈ ವರ್ಷನೂ ಇಲ್ಲ. ಎರಡು ವರ್ಷದಿಂದ ಗಡ್ಡದ ರಾಯರೇ ಮೇಲೆ ಕೂತಿದಾರೆ. ಅನ್ಯಾಯ ಅಲ್ವೇನಮ್ಮ? ವಸು ಹತ್ರ ಬೀಗದ ಕೈ ಇದೆ. ನೀನು ಹೋಗಿ ಬದಲಾಯ್ಸಿ ಬಾ. ಬಂದ್ಮೇಲೆ ನಿನ್ ಮಾತು ನಿಧಾನಕ್ಕೆ ಕೇಳ್ತೀನಿ.”

ಅಲ್ಲೇ ಹೇಳಬಹುದಿತ್ತು. ಅವರೇ ಮುಂದಕ್ಕೆ ಹಾಕಿದರಲ್ಲ ಎಂದು ನನಗೆ ಎಷ್ಟು ನಿರಾಳವಾಯಿತು ಎಂಬುದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಮರುದಿನ ಬೆಳಿಗ್ಗೆ ಅವರ ಮನೆಗೆ ಹೋಗಿ, ಅದೇ ಸ್ಟೂಲ್ ಹತ್ತಿ, ಗಾಜು ಒರೆಸಿ, ಕುಂಕುಮದ ಬೊಟ್ಟು ಮಾತ್ರ ಬಿಟ್ಟು, ಮೀಸೆ ರಾಯರನ್ನು ಮೇಲಕ್ಕೇರಿಸಿದೆ. ಫೋಟೋ ತೆಗೆದು ಕಳಿಸಿದೆ. “ಈಗ ಸರಿಹೋಯ್ತು” ಎಂದು ಉತ್ತರ ಬಂತು. ಆಮೇಲೆ ಒಂದು ಯುಕ್ತಿ ಹೊಳೆಯಿತು. ನೀಲಿ ಬಿಸ್ಕತ್ತಿನ ಡಬ್ಬಿ ತೆಗೆದು, ಆ ಇಪ್ಪತ್ತಮೂರು ಚೀಟಿಗಳನ್ನೂ ಅದರೊಳಗಿಟ್ಟೆ. ದುಂಡಕ್ಷರದ ಚೀಟಿ, ವಾಲಿದ ಅಕ್ಷರದ ಚೀಟಿ, ಎರಡನ್ನೂ ಎಲ್ಲಕ್ಕಿಂತ ಮೇಲೆ. ಮನೆಗೆ ಬಂದಾಗ ಅವರೇ ನೋಡಲಿ, ಕಾಗದವೇ ಹೇಳಲಿ, ನಾನು ಎದುರಿಗೆ ಕೂತು ಹೇಳುವುದು ತಪ್ಪಲಿ. ಆ ಯುಕ್ತಿಗೆ ಖುಷಿಪಟ್ಟು ಬೀಗ ಹಾಕಿಕೊಂಡು ಬಂದೆ.

ಸಂಪತ್ ಅಂಕಲ್ ಮನೆಗೆ ಬರಲಿಲ್ಲ. ಮೂರನೇ ದಿನ ಬೆಳಿಗ್ಗೆ ಆಸ್ಪತ್ರೆಯಲ್ಲೇ ಹೋಗಿಬಿಟ್ಟರು.

ಮನೆ ಖಾಲಿ ಮಾಡುವಾಗ ವಸುಧಾ ಫೋನ್ ಮಾಡಿದಳು. ಇಲ್ಲೇ ಹುಟ್ಟಿ ಬೆಳೆದವಳು. ಕನ್ನಡದಲ್ಲಿ ಹೆಸರುಗಳನ್ನು ಕೂಡಿಸಿ ಓದುತ್ತಾಳೆ, ಅಷ್ಟೇ. “ಆಂಟಿ, ಅಪ್ಪನ ಟಿನ್‌ನಲ್ಲಿ ಸ್ಲಿಪ್ಸ್ ಇದೆ. ಅಪ್ಪನ ಹೆಸ್ರು, ಪ್ರಸಾದ್ ಅಂಕಲ್ ಹೆಸ್ರು, ಮತ್ತೆ ಮತ್ತೆ ಬರ್ದಿದೆ. ಕ್ಲಾಸ್ ಮಕ್ಕಳ ಹ್ಯಾಂಡ್‌ರೈಟಿಂಗ್ ಪ್ರಾಕ್ಟೀಸ್ ಇರ್ಬೇಕಲ್ವಾ? ಸೋ ಸ್ವೀಟ್, ನಾನೇ ಇಟ್ಕೋತೀನಿ.”

“ಇರ್ಬೇಕು” ಎಂದೆ.

ಈಗ ಆ ಫ್ರೇಮುಗಳು ಯಿಶುನ್‌ನಲ್ಲಿವೆ. ವಸುಧಾ ಅಪ್ಪನ ಪದ್ಧತಿ ಬಿಟ್ಟಿಲ್ಲ. ಪ್ರತಿ ಯುಗಾದಿಗೆ ಬೆಳಿಗ್ಗೆ ಇಂಗ್ಲಿಷ್ ಅಕ್ಷರದಲ್ಲಿ ಅವಳ ಮೆಸೇಜು ಬರುತ್ತದೆ: ‘ಆಂಟಿ, ಈ ವರ್ಷ ಯಾರು ಮೇಲೆ?’ ಈ ಸಲವೂ ಬಂತು. ‘ಮೀಸೆ ರಾಯರು’ ಎಂದು ತಕ್ಷಣ ಉತ್ತರಿಸಿದೆ. ಅವಳು ಒಂದು ಪುಟ್ಟ ಛತ್ರಿಯ ಚಿತ್ರ ಕಳಿಸಿದಳು.

ಇದನ್ನು ಬರೆದು ಮುಗಿಸಿದ ಮೇಲೆ ಅವಳಿಗೆ ಕಳಿಸಿದರೆ ಪ್ರಯೋಜನವಿಲ್ಲ. ಹೆಸರುಗಳನ್ನಷ್ಟೇ ಓದಿಕೊಳ್ಳುತ್ತಾಳೆ. ಈ ಶನಿವಾರ ಯಿಶುನ್‌ಗೆ ಹೋಗಿ, ಆ ನೀಲಿ ಡಬ್ಬಿ ತರಿಸಿ, ಎದುರಿಗೆ ಕೂತು, ನಾನೇ ಬಾಯಿಬಿಟ್ಟು ಓದಿ ಹೇಳಬೇಕು.